ಬೆಳ್ಳಿಯ ಮೇಲೆ ‘925’ ಇದ್ದರೆ ಸಾಕೇ?

‘925 ಎಂದು ಒತ್ತಿದ್ದರೆ ಅಸಲಿ ಬೆಳ್ಳಿ, ಗುರುತೇ ಇಲ್ಲದಿದ್ದರೆ ನಕಲಿ’ ಎಂಬ ಮಾತು ನಿಜವೇ? ಎರಡೂ ಸರಿಯಲ್ಲ ಎನ್ನುತ್ತೇವೆ ನಾವು.

925 ಎಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. ಆದರೆ ಬರೀ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಹಾಲ್‌ಮಾರ್ಕ್‌ನಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆಯೂ ಇರಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂದಿದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ.

ಬೆಳ್ಳಿಗೆ ಹಾಲ್‌ಮಾರ್ಕ್ ಶುರುವಾದದ್ದೇ 2005ರಲ್ಲಿ. ಹಾಗಾಗಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿರುವ ಅಜ್ಜಿ ಕಾಲದ ಉಡುದಾರ, ಕಾಲುಗೆಜ್ಜೆಗಳ ಮೇಲೆ ಅದು ಇಲ್ಲದಿರುವುದು ಸಹಜ. ಅಕ್ಕಸಾಲಿಗರ ಸ್ವಂತ ಮುದ್ರೆ ಇದ್ದರೂ ಅದು ಮಾಡಿದವರ ಗುರುತೇ ಹೊರತು ಶುದ್ಧತೆಯ ಖಾತ್ರಿಯಲ್ಲ.

ಗುರುತಿಲ್ಲವೆಂದು ಅಗ್ಗಕ್ಕೆ ಮಾರಬೇಡಿ. ಬೆಳ್ಳಿ ಪರೀಕ್ಷಿಸುವ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ಮೊದಲು ಪರೀಕ್ಷೆ ಮಾಡಿಸಿ.