ತರಬೇತಿ ಮುಗಿದ ಮೇಲೆ ಶಾಲೆಗೆ ಯಾರು ಬರುತ್ತಾರೆ?

1985ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ 19 ಸರ್ಕಾರಿ ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಕೆಲವು ಶಾಲೆಗಳ ಒಂದನೇ ತರಗತಿಯಲ್ಲಿ ಮಕ್ಕಳನ್ನು ತಂಡಗಳಾಗಿ ಕೂರಿಸಿ, ಗಲಾಟೆಯನ್ನು ಮಿತಿಯೊಳಗೆ ಇಟ್ಟುಕೊಂಡ ತಂಡಗಳಿಗೆಲ್ಲ ಬಹುಮಾನ ಕೊಡುವ ಆಟ ಆಡಿಸಿದರು. 1969ರಲ್ಲಿ ಕನ್ಸಾಸ್‌ನ ಸಂಶೋಧಕರು ವಿವರಿಸಿದ ‘ಗುಡ್ ಬಿಹೇವಿಯರ್ ಗೇಮ್’ ಇದು. ಆ ಮಕ್ಕಳು 20ರ ಆಸುಪಾಸಿಗೆ ಬಂದಾಗ ನೋಡಿದರೆ, ಚಿಕ್ಕಂದಿನಲ್ಲಿ ತೀರಾ ಜಗಳಗಂಟರಾಗಿದ್ದ ಹುಡುಗರಲ್ಲಿ ಮಾದಕ ವಸ್ತುಗಳ ಚಟ ಕಡಿಮೆಯಿತ್ತು. ಮರುವರ್ಷ ಅದೇ ಶಿಕ್ಷಕರು ಹೊಸ ಮಕ್ಕಳಿಗೆ ಅದೇ ಆಟ ಆಡಿಸಿದರು. ಆದರೆ ಆ ವರ್ಷ ಶಿಕ್ಷಕರ ಬೆನ್ನಿಗೆ ನಿಂತು ನೋಡುವವರು, ತಿದ್ದುವವರು ಕಡಿಮೆಯಾಗಿದ್ದರು. ಫಲವೂ ಸೊರಗಿತು.

ಶಾಲಾ ಶಿಸ್ತಿನ ಕಾರ್ಯಕ್ರಮಗಳ ಅರ್ಧ ಶತಮಾನದ ಕಥೆಯನ್ನು ಓದುವಾಗ ನನಗೆ ಈ ಎರಡನೆಯ ವರ್ಷವೇ ಮತ್ತೆ ಮತ್ತೆ ನೆನಪಾಗುತ್ತದೆ.

ಲೀ ಕ್ಯಾಂಟರ್ ದಂಪತಿ 1976ರಲ್ಲಿ ಹೊರತಂದ ‘ಅಸರ್ಟಿವ್ ಡಿಸಿಪ್ಲಿನ್’ ಎಂಬ ಶಿಸ್ತಿನ ವಿಧಾನ ಕಾರ್ಯಾಗಾರಗಳ ಮೂಲಕ ಅಮೆರಿಕದ ಅನೇಕ ಶಾಲೆಗಳಿಗೆ ಹರಡಿತು. ಕಾರ್ಯಾಗಾರ ಮುಗಿದರೆ ಮುಂದಿನದು ಶಿಕ್ಷಕರಿಗೇ ಬಿಟ್ಟದ್ದು. ತಪ್ಪು ಮಾಡಿದ ಮಗುವಿನ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದಷ್ಟೇ ಬಹಳ ಕಡೆ ಉಳಿದುಕೊಂಡಿತು. ತನ್ನ ವಿಧಾನ ಎಂದರೆ ಬೋರ್ಡಿನ ಮೇಲಿನ ಹೆಸರುಗಳಷ್ಟೇ ಅಲ್ಲ ಎಂದು 1989ರಲ್ಲಿ ಕ್ಯಾಂಟರ್ ಅವರೇ ಲೇಖನ ಬರೆಯಬೇಕಾಯಿತು.

ನಾರ್ವೆಯದು ಇನ್ನೂ ನೋವಿನ ಆರಂಭ. 1982ರ ಕೊನೆಗೆ ಸಹಪಾಠಿಗಳ ಪೀಡನೆ ತಾಳಲಾರದೆ ಮೂವರು ಹುಡುಗರು ಜೀವ ಕಳೆದುಕೊಂಡರೆಂಬ ಸುದ್ದಿ ದೇಶವನ್ನು ಅಲುಗಾಡಿಸಿತು. 1983ರಲ್ಲಿ ಪೀಡನೆ ತಡೆಯುವ ರಾಷ್ಟ್ರೀಯ ಅಭಿಯಾನ ಶುರುವಾಗಿ, ಶಾಲೆಗಳಿಗೆಲ್ಲ ಒಂದೇ ಸಾಮಗ್ರಿ ತಲುಪಿತು. ಸಂಶೋಧಕ ಡ್ಯಾನ್ ಓಲ್ವೆಯಸ್ ಸುಮಾರು 2,500 ಮಕ್ಕಳನ್ನು ಗಮನಿಸಿದ ಬರ್ಗನ್‌ನಲ್ಲಿ ಪೀಡನೆ ಅರ್ಧದಷ್ಟು ಇಳಿಯಿತು. ಅದೇ ಅಭಿಯಾನ ನಡೆದ ರೋಗಾಲ್ಯಾಂಡ್ ಪ್ರಾಂತ್ಯದಲ್ಲಿ ಮೂರು ವರ್ಷಗಳ ಬಳಿಕ ಅಂಥ ಫಲ ಕಾಣಲಿಲ್ಲ. ಬರ್ಗನ್‌ನ ಶಾಲೆಗಳೊಂದಿಗೆ ಸಂಶೋಧಕರು ಒಡನಾಟ ಇಟ್ಟುಕೊಂಡಿದ್ದರು. ಅಲ್ಲಲ್ಲಿನ ಸಮೀಕ್ಷೆಯ ಫಲಿತಾಂಶವನ್ನು ಆಯಾ ಶಾಲೆಗೇ ತಂದು ತೋರಿಸಿದ್ದರು. ಈ ಪಾಠ ಮುಂದೆ ಕೆಲಸಕ್ಕೆ ಬಂತು. 2001ರಿಂದ ಓಲ್ವೆಯಸ್ ಅವರ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬುವಾಗ ತರಬೇತುದಾರರನ್ನು ಒಂದು ವರ್ಷಕ್ಕೂ ಮಿಕ್ಕಿ ಪಳಗಿಸಿ, ಒಬ್ಬೊಬ್ಬರ ಕೈಗೆ ಕೆಲವೇ ಶಾಲೆಗಳನ್ನು ಕೊಡುವ ಪದ್ಧತಿ ಬಂತು.

ಶಿಕ್ಷಕರ ತರಬೇತಿಯ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಿಂದಲೂ ಹೇಳುತ್ತಿದ್ದುದು ಇದನ್ನೇ: ಉಪನ್ಯಾಸ ಕೇಳಿ, ಪ್ರಾತ್ಯಕ್ಷಿಕೆ ನೋಡಿ ಬಂದ ಶಿಕ್ಷಕರು ತರಗತಿಯಲ್ಲಿ ಹಳೆಯ ದಾರಿಗೇ ಮರಳುತ್ತಾರೆ, ಪಕ್ಕದಲ್ಲಿ ನಿಂತು ಹೇಳಿಕೊಡುವವರಿದ್ದರೆ ಮಾತ್ರ ಹೊಸದು ಕೈಗೆ ಹತ್ತುತ್ತದೆ. ಬೈಕ್ ಕಲಿತವರಿಗೆಲ್ಲ ಇದು ಗೊತ್ತು.

ಇಂಥ ಕಾರ್ಯಕ್ರಮ ಶಾಲೆಯಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ಅಳೆಯುವ ಕೆಲಸ ಪ್ರತ್ಯೇಕ ವಿದ್ಯೆಯಾಗಿ ಬೆಳೆದದ್ದು ‘ಪಿಬಿಐಎಸ್’ ಎಂಬ ಚೌಕಟ್ಟಿನಲ್ಲಿ. ಒಳ್ಳೆಯ ನಡವಳಿಕೆಯನ್ನೂ ಪಾಠದಂತೆ ಕಲಿಸಬೇಕು, ಕಂಡಾಗ ಮೆಚ್ಚಬೇಕು ಎಂಬುದು ಅದರ ತಿರುಳು. ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಗೆ 1997ರಲ್ಲಿ ಆದ ತಿದ್ದುಪಡಿಯ ಬೆನ್ನಲ್ಲೇ ಅಮೆರಿಕ ಸರ್ಕಾರದ ನೆರವಿನಿಂದ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿತು. ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸುಗಾಯ್, ರಾಬ್ ಹಾರ್ನರ್ ಅದರ ಮುಂಚೂಣಿಯಲ್ಲಿದ್ದರು. ಅವರ ತಂಡ ರೂಪಿಸಿದ ‘ಸೆಟ್’ ಎಂಬ ಅಳತೆಗೋಲಿನಲ್ಲಿ 28 ಅಂಶಗಳಿವೆ. ಹೊರಗಿನವರೊಬ್ಬರು ಶಾಲೆಗೆ ಬಂದು ಗೋಡೆ, ಕಡತಗಳನ್ನು ನೋಡುತ್ತಾರೆ, ಮುಖ್ಯೋಪಾಧ್ಯಾಯರನ್ನು ಮಾತಾಡಿಸುತ್ತಾರೆ. ಆಮೇಲೆ ಸಿಕ್ಕ ಸಿಕ್ಕ 15 ಮಕ್ಕಳನ್ನಾದರೂ ನಿಲ್ಲಿಸಿ, ‘ನಿಮ್ಮ ಶಾಲೆಯ ನಿಯಮಗಳೇನು?’ ಎಂದು ಕೇಳುತ್ತಾರೆ. ಒಟ್ಟಾರೆ ಶೇ. 80, ಅದರ ಜೊತೆಗೆ ‘ಮಕ್ಕಳಿಗೆ ಕಲಿಸಲಾಗಿದೆಯೇ’ ಎಂಬ ಭಾಗದಲ್ಲೂ ಶೇ. 80 ಬಂದರೆ ಮಾತ್ರ ಶಾಲೆ ತೇರ್ಗಡೆ. ಎರಡನೆಯ ಆ ಷರತ್ತು ನನಗೆ ಬಹಳ ಇಷ್ಟ. ಗೋಡೆಯ ಮೇಲೆ ಚೆಂದದ ಫಲಕ ತೂಗುಹಾಕಿದ ಮಾತ್ರಕ್ಕೆ ಪಾಸಾಗಲು ಅದು ಬಿಡುವುದಿಲ್ಲ.

ಮೇರಿಲ್ಯಾಂಡ್ ರಾಜ್ಯದಲ್ಲಿ ಸಂಶೋಧಕಿ ಕ್ಯಾಥರಿನ್ ಬ್ರ್ಯಾಡ್‌ಶಾ ತಂಡ 37 ಪ್ರಾಥಮಿಕ ಶಾಲೆಗಳಲ್ಲಿ ಪಿಬಿಐಎಸ್ ಅನ್ನು ಪರೀಕ್ಷೆಗೊಡ್ಡಿತು. ಚೀಟಿ ಎತ್ತಿದಂತೆ ಆಯ್ದ 21 ಶಾಲೆಗಳಿಗೆ ತರಬೇತಿ ಸಿಕ್ಕಿತು, ನೆರವಿಗೆ ಕೋಚ್‌ಗಳು ಬಂದರು. ಮುಖ್ಯೋಪಾಧ್ಯಾಯರ ಕೋಣೆಗೆ ಕಳುಹಿಸಬೇಕಾದ ಪ್ರಸಂಗಗಳೂ ಅಮಾನತುಗಳೂ ಇಳಿದವು. ಕೋಚ್ ಎಂದರೆ ತನಿಖೆಗೆ ಬರುವ ಅಧಿಕಾರಿಯಲ್ಲ. ಅಂಕ ಹಾಕುವ ಮೇಲಧಿಕಾರಿಯೇ ಕೈಹಿಡಿದು ಕಲಿಸಲೂ ಬಂದರೆ ಶಿಕ್ಷಕರು ಕಷ್ಟ ಹೇಳಿಕೊಳ್ಳುವುದಿಲ್ಲ, ಮುಚ್ಚಿಡುತ್ತಾರೆ. ಈ ಎರಡು ಪಾತ್ರಗಳನ್ನು ಬೇರೆ ಬೇರೆ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮೇಲೆ ಕೈಗೆ ಏನು ಕೊಡಬೇಕು ಎಂಬುದನ್ನು ಒಂದು ಕಲಂ ಕಲಿಸಲಾರದು. ತರಬೇತಿ ರಾಜ್ಯದಿಂದ ಜಿಲ್ಲೆಗೆ, ತಾಲ್ಲೂಕಿಗೆ, ಕ್ಲಸ್ಟರಿಗೆ ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೋರುತ್ತದೆ. ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿಆರ್‌ಪಿಗಳು ನಮಗಿದ್ದಾರೆ. ಅವರ ಸಮಯವನ್ನು ಮಾಹಿತಿ ನಮೂನೆಗಳೇ ನುಂಗದಿದ್ದರೆ ಪಕ್ಕದಲ್ಲಿ ನಿಂತು ಹೇಳಿಕೊಡುವ ಕೆಲಸಕ್ಕೆ ಅವರಿಗಿಂತ ಹತ್ತಿರದವರಿಲ್ಲ.

ಅಮೆರಿಕದಲ್ಲಿ 2014ರಲ್ಲಿ ಎಲ್ಲ ಮಕ್ಕಳಿಗೆ, ಕೆಲವರಿಗೆ, ಒಬ್ಬೊಬ್ಬರಿಗೆ ಎಂಬ ಪಿಬಿಐಎಸ್ ನೆರವಿನ ಮೂರೂ ಹಂತಗಳನ್ನು ಒಟ್ಟಿಗೆ ಅಳೆಯುವ, 45 ಅಂಶಗಳ ‘ಟಿಎಫ್‌ಐ’ ಎಂಬ ಹೊಸ ಅಳತೆಗೋಲು ಬಂತು. ಇದರಲ್ಲಿ ಶಾಲೆಯ ತಂಡವೇ ಕೂತು ತನಗೆ ಅಂಕ ಕೊಟ್ಟುಕೊಳ್ಳುತ್ತದೆ. ಹೊರಗಿನ ಕೋಚ್ ಒಬ್ಬರು ಜೊತೆಗಿರಬೇಕೆಂಬುದು ಸಲಹೆ. ಖರ್ಚು ಕಡಿಮೆ, ವರ್ಷಕ್ಕೆ ಹಲವು ಸಲ ಮಾಡಬಹುದು. ಹೊರಗಿನ ಕಣ್ಣು ಮಂಕಾದೀತೆಂಬ ಭಯ ನನಗಿದೆ. ಆದರೂ ಶಾಲೆಯನ್ನು ಒಂದು ಸುತ್ತು ಹಾಕಿ, ಕಡೇಪಕ್ಷ ಹತ್ತು ಮಕ್ಕಳನ್ನು ಮಾತಾಡಿಸುವ ಭಾಗವನ್ನು ಅವರು ಕೈಬಿಟ್ಟಿಲ್ಲ.