ಕಾಯಿದೆಯ ಮದುವೆಯೂ ಸೋಬಾನೆಯೂ

ಕಳೆದ ವೈಶಾಖದಲ್ಲಿ ನಮ್ಮ ಬಂಧುವರ್ಗದ ಕನ್ಯೆಯೊಬ್ಬಳ ವಿವಾಹವು ನೋಂದಣಿಯ ಕಚೇರಿಯಲ್ಲಿ ನೆರವೇರಿತು. ಹೋಮವಿಲ್ಲ, ಪುರೋಹಿತರಿಲ್ಲ, ವಾದ್ಯವಿಲ್ಲ. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಅದರ ಮುಂದೆ ವಧೂವರರು, ಅವರ ಬೆನ್ನ ಹಿಂದೆ ನಾವು ಹತ್ತು ಹನ್ನೆರಡು ಮಂದಿ. ಆಡಬೇಕಾದ ಮಾತನ್ನು ಆಡಿದರು, ರುಜು ಹಾಕಿದರು. ಕಾಲು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಹಾರಗಳನ್ನು ಬದಲಾಯಿಸುವ ಹೊತ್ತಿಗೆ, ಎಂಬತ್ತು ದಾಟಿದ ವಧುವಿನ ಅಜ್ಜಿ ಅಭ್ಯಾಸಬಲದಿಂದ ಸೋಬಾನೆಯ ಒಂದು ಸೊಲ್ಲನ್ನು ಎತ್ತಿಯೇಬಿಟ್ಟರು. ಪಕ್ಕದಲ್ಲಿದ್ದವರಾರೋ “ಇದು ಕಚೇರಿ” ಎಂದು ಮೆಲ್ಲನೆ ಹೇಳಲು, ಸೆರಗನ್ನು ಬಾಯಿಗೊತ್ತಿಕೊಂಡು ಸುಮ್ಮನಾದರು. ಹೊರಗೆ ಬಂದ ಮೇಲೆ ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: “ಹಾಡಬಾರದೆಂದು ಸರ್ಕಾರದ ಅಪ್ಪಣೆ ಇದೆಯೇ?” ಉತ್ತರ ನನಗೆ ತಿಳಿದಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಇದು ಲಜ್ಜಾಸ್ಪದವಾದ ಸಂಗತಿ. ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟು ಸಂಗ್ರಹಿಸಿದ ಕೆಲವು ವಿಷಯಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಪಾಠಶಾಲೆಯಲ್ಲಿ ಓದಿದವನಾದ್ದರಿಂದ ನನ್ನ ಕೈ ಮೊದಲು ಹೋದದ್ದು ಗೃಹ್ಯಸೂತ್ರಗಳ ಕಡೆಗೆ. ವಿವಾಹವೆಂದರೆ ಮಂತ್ರ, ಮಂತ್ರವೆಂದರೆ ಪುರೋಹಿತ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸೂತ್ರಕಾರರು ಅಷ್ಟು ಸಂಕುಚಿತರಲ್ಲ. ದೇಶಧರ್ಮಗಳೂ ಗ್ರಾಮಧರ್ಮಗಳೂ ನಾನಾ ವಿಧವಾಗಿವೆ, ವಿವಾಹದಲ್ಲಿ ಅವುಗಳನ್ನು ಅನುಸರಿಸಬೇಕು ಎಂದು ಆಶ್ವಲಾಯನರು ಒಪ್ಪಿಕೊಳ್ಳುತ್ತಾರೆ. ಆಪಸ್ತಂಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಆಚಾರಗಳನ್ನು ಸ್ತ್ರೀಯರಿಂದಲೇ ತಿಳಿದುಕೊಳ್ಳತಕ್ಕದ್ದೆಂದು ವಿಧಿಸುತ್ತಾರೆ. ಶಾಂಖಾಯನ ಗೃಹ್ಯದಲ್ಲಂತೂ ಮದುವೆಗೆ ಮುಂಚಿನ ಕಲಾಪದಲ್ಲಿ ನಾಲ್ವರು ಅಥವಾ ಎಂಟು ಮಂದಿ ಮುತ್ತೈದೆಯರು ನರ್ತಿಸುವ ವಿಧಿಯಿದೆ. ಅವರಿಗೆ ಕೊಡಬೇಕಾದ ಸತ್ಕಾರದಲ್ಲಿ ಸುರೆಯೂ ಸೇರಿದೆ ಎಂಬುದನ್ನು ನಮ್ಮ ಗುರುಗಳು ಪಾಠ ಹೇಳುವಾಗ ಬಹಳ ವೇಗವಾಗಿ ದಾಟಿಬಿಡುತ್ತಿದ್ದರು! ಇರಲಿ. ನನಗೆ ಇಲ್ಲಿ ಕಾಣುವುದಿಷ್ಟು: ಮಂತ್ರವು ಪುರೋಹಿತನ ಸ್ವತ್ತಾಗಿದ್ದ ಕಾಲದಲ್ಲಿಯೂ ಹೆಂಗಸರ ಆಚಾರವು ಅವನ ಅಧಿಕಾರಕ್ಕೆ ಒಳಪಟ್ಟಿರಲಿಲ್ಲ. ಸೋಬಾನೆ ಆ ಆಚಾರದ ಪೈಕಿಯದು. ಒಬ್ಬಳು ಎತ್ತುತ್ತಾಳೆ, ಉಳಿದವರು ಸೊಲ್ಲು ಕೂಡಿಸುತ್ತಾರೆ. ಹದಿನಾರನೆಯ ಶತಮಾನದಲ್ಲಿ ಸೋದೆಯ ವಾದಿರಾಜರಂಥ ಯತಿಗಳೇ ಲಕ್ಷ್ಮೀ ಶೋಭಾನೆಯನ್ನು ರಚಿಸಿದರೂ, ಅದು ಬಾಳಿದ್ದು ಮಠದ ಗದ್ದುಗೆಯಲ್ಲಲ್ಲ, ಹಸೆಯ ಸುತ್ತ ಕುಳಿತ ಹೆಂಗಸರ ಕಂಠದಲ್ಲಿ. ಹಾಗಾದರೆ ಪುರೋಹಿತರು ಎದ್ದು ಹೋದ ಮಾತ್ರಕ್ಕೆ ಹಾಡು ಏಕೆ ಎದ್ದು ಹೋಗಬೇಕು?

ನಮ್ಮ ಕಚೇರಿಯ ಪದ್ಧತಿಗಳೆಲ್ಲ ಇಂಗ್ಲೆಂಡಿನಿಂದ ಬಂದವುಗಳಲ್ಲವೆ, ಈ ಮೌನವೂ ಅಲ್ಲಿಂದಲೇ ಬಂದಿರಬಹುದೇ ಎಂಬ ಸಂಶಯದಿಂದ ಆ ದೇಶದ ವೃತ್ತಾಂತವನ್ನು ನೋಡಿದೆನು. ಇಗರ್ಜಿಯ ಹಂಗಿಲ್ಲದೆ ರಿಜಿಸ್ಟ್ರಾರನ ಮುಂದೆ ಮದುವೆಯಾಗುವ ಅವಕಾಶವು ಅಲ್ಲಿ 1836ರ ಕಾಯಿದೆಯಿಂದ ದೊರೆತು, 1837ರಲ್ಲಿ ಆಚರಣೆಗೆ ಬಂದಿತು. 1856ರಲ್ಲಿ ಬಂದ ಇನ್ನೊಂದು ಕಾಯಿದೆಯು ರಿಜಿಸ್ಟ್ರಾರನ ಕಚೇರಿಯಲ್ಲಿ ಯಾವ ಧಾರ್ಮಿಕ ವಿಧಿಯೂ ನಡೆಯಕೂಡದೆಂದು ನಿಷೇಧಿಸಿತು. ಈ ನಿರ್ಬಂಧ ಮುಂದಿನ ಕಾಯಿದೆಗಳಲ್ಲಿಯೂ ಉಳಿಯಿತು. 1994ರ ಕಾಯಿದೆಯ ಮೇಲೆ ಹೋಟೆಲು, ಬಂಗಲೆ ಮುಂತಾದ ಕಡೆಗಳಲ್ಲಿ ಇಂಥ ಮದುವೆಗಳಾಗತೊಡಗಿದಾಗ, ದೇವರ ಹೆಸರು ನುಸುಳಿದ ಹಾಡುಗಳನ್ನು ಅಧಿಕಾರಿಗಳು ಬೇಡವೆನ್ನುತ್ತಿದ್ದರು. 2005ರ ನಿಯಮಗಳು ಬಂದ ಮೇಲೆ ಮಾತ್ರ, ಮೂಲತಃ ಲೌಕಿಕವಾದ ಹಾಡಿನಲ್ಲಿ ಪ್ರಾಸಂಗಿಕವಾಗಿ ದೇವರ ಮಾತು ಬಂದರೆ ಬಾಧಕವಿಲ್ಲವೆಂದಾಯಿತು.

ಇದಕ್ಕಿಂತ ವಿನೋದಕರವಾದದ್ದು ಎದುರು ದಿಕ್ಕಿನ ಸಂಚಾರ. ಇಂಗ್ಲಿಷರ ಇಗರ್ಜಿಗಳಲ್ಲಿ ವಧುವು ಒಳಗೆ ಬರುವಾಗಲೂ ದಂಪತಿಗಳು ಹೊರಗೆ ಹೋಗುವಾಗಲೂ ನುಡಿಸುವ ಎರಡು ಪ್ರಸಿದ್ಧ ರಾಗಗಳಿವೆ. ಎರಡೂ ನಾಟಕಶಾಲೆಯ ಸಂತತಿ. ಹೊರಡುವಾಗಿನದು ಶೇಕ್ಸ್‌ಪಿಯರನ ಒಂದು ನಾಟಕಕ್ಕಾಗಿ ಮೆಂಡೆಲ್‌ಸನ್ನನು 1842ರಲ್ಲಿ ರಚಿಸಿದ್ದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಅದರ ಕೀರ್ತಿ ಹಬ್ಬಿತು. ಒಳಗೆ ಬರುವಾಗಿನದು ವಾಗ್ನರನ ಲೋಹೆನ್‌ಗ್ರಿನ್ ಎಂಬ ಗೀತನಾಟಕದ್ದು. 1850ರಲ್ಲಿ ವೈಮಾರ್ ನಗರದಲ್ಲಿ ಅದು ಮೊದಲು ಪ್ರಯೋಗವಾಯಿತು. ಇದು ಹುಟ್ಟಿನಿಂದ ಮೇಳಗಾನ. ನಾಟಕದಲ್ಲಿ ಮದುವೆ ಮುಗಿದ ಬಳಿಕ ವಧೂವರರನ್ನು ಶಯ್ಯಾಗೃಹಕ್ಕೆ ಕರೆತರುವ ಜನರು ಕೂಡಿ ಹಾಡುವುದು ಅದನ್ನು. ಪಾಪ, ಅದೇ ಅಂಕದಲ್ಲಿ ಕೇಳಬಾರದ ಪ್ರಶ್ನೆಯನ್ನು ವಧು ಕೇಳಿಬಿಡುತ್ತಾಳೆ, ವರನು ಬಿಟ್ಟು ಹೊರಡುತ್ತಾನೆ! ಇಷ್ಟು ಅಮಂಗಳವಾದ ಮದುವೆಯ ಹಾಡನ್ನು ಇಗರ್ಜಿಯು ಒಳಗೆ ಕರೆದುಕೊಂಡಿತು. ಕರೆದುಕೊಳ್ಳುವಾಗ ಸಾಮಾನ್ಯವಾಗಿ ಕಂಠಗಳನ್ನು ಬಾಗಿಲಲ್ಲೇ ನಿಲ್ಲಿಸಿ ಆರ್ಗನ್ ವಾದ್ಯಕ್ಕೆ ಮಾತ್ರ ಎಡೆಗೊಟ್ಟಿತು. ಮೇಳದವರು ಮೂಕರಾದರು.

ಈಗ ನಮ್ಮ ದೇಶಕ್ಕೆ ಬರೋಣ. ಕೇಶವಚಂದ್ರ ಸೇನರ ಅನುಯಾಯಿಗಳಾದ ಬ್ರಾಹ್ಮಸಮಾಜಿಗಳು ಅಗ್ನಿಸಾಕ್ಷಿಯನ್ನೂ ವಿಗ್ರಹವನ್ನೂ ಬಿಟ್ಟು ವಿವಾಹವಾಗುತ್ತಿದ್ದರಷ್ಟೆ. ಇಂಥ ಮದುವೆಗಳು ನ್ಯಾಯಸ್ಥಾನದಲ್ಲಿ ನಿಲ್ಲುವುವೇ ಎಂಬ ಸಂದೇಹ ಹುಟ್ಟಲು, ಅವರು ಸರ್ಕಾರವನ್ನು ಪ್ರಾರ್ಥಿಸಿದರು. ತಾವು ಹಿಂದುಗಳೇ, ಬೇರೆ ಕಾಯಿದೆ ಬೇಡವೆಂದು ಆದಿ ಬ್ರಾಹ್ಮಸಮಾಜದವರು ಆಕ್ಷೇಪಿಸಿದರು. ಬಹಳ ವಾದವಿವಾದಗಳಾದ ಮೇಲೆ 1872ರ ಮೂರನೆಯ ಕಾಯಿದೆ ಹುಟ್ಟಿತು. ಅದರ ಪ್ರಕಾರ ಮದುವೆಯಾಗುವವರು ಹಿಂದೂ, ಮಹಮ್ಮದೀಯ, ಕ್ರೈಸ್ತ ಮೊದಲಾದ ಯಾವ ಪ್ರಸಿದ್ಧ ಮತಕ್ಕೂ ತಾವು ಸೇರಿದವರಲ್ಲವೆಂದು ಹೇಳಿಕೆ ಕೊಡಬೇಕಾಗಿತ್ತು. ಕಠಿಣವಾದ ನಿಬಂಧನೆ, 1923ರಲ್ಲಿ ಅದನ್ನು ಸಡಿಲಿಸಿದರು. ಆದರೆ ವಿಧಿಯ ವಿಷಯದಲ್ಲಿ ಈ ಕಾಯಿದೆಯ ಔದಾರ್ಯವನ್ನು ನೋಡಿ ನಾನು ಬೆರಗಾದೆನು. ರಿಜಿಸ್ಟ್ರಾರನೂ ಮೂವರು ಸಾಕ್ಷಿಗಳೂ ಕೇಳುವಂತೆ ವಧೂವರರು ಪರಸ್ಪರ ಸ್ವೀಕಾರದ ಒಂದು ಮಾತನ್ನು ಹೇಳಿದರೆ ಸಾಕು. ಉಳಿದಂತೆ ಮದುವೆಯನ್ನು ಯಾವ ರೀತಿಯಲ್ಲಿ ಬೇಕಾದರೂ ನಡೆಸಿಕೊಳ್ಳಬಹುದು. ಇಂಗ್ಲೆಂಡಿನವರು ತಮ್ಮ ಮನೆಯಲ್ಲಿ ಹಾಕಿಕೊಂಡ ಬೀಗವನ್ನು ಇಲ್ಲಿ ಹಾಕಲಿಲ್ಲ.

ಪುರೋಹಿತರಿಲ್ಲದ ಆ ಚಪ್ಪರಗಳಲ್ಲಿ ಬಂಗಾಳಿಗಳು ಸುಮ್ಮನೆ ಕೂರಲೂ ಇಲ್ಲ. 1881ರಲ್ಲಿ ರಾಜನಾರಾಯಣ ಬಸುಗಳ ಮಗಳು ಲೀಲಾವತಿಗೂ ಕೃಷ್ಣಕುಮಾರ ಮಿತ್ರರಿಗೂ ಬ್ರಾಹ್ಮಪದ್ಧತಿಯಲ್ಲಿ ವಿವಾಹವಾಯಿತು. ರಾಜನಾರಾಯಣರೆಂದರೆ ಅರವಿಂದ ಘೋಷರ ತಾಯಿಯ ತಂದೆ. ಆ ಮದುವೆಗೆಂದು ಹಾಡುಗಳನ್ನು ಕಟ್ಟಿಕೊಟ್ಟವನು ಇಪ್ಪತ್ತು ವರ್ಷದ ಒಬ್ಬ ತರುಣ. ಎರಡು ಹೃದಯಗಳನ್ನು ಕೂಡಿ ಹರಿಯುವ ಎರಡು ನದಿಗಳಿಗೆ ಹೋಲಿಸಿದ ಗೀತೆಯೊಂದು ಅವುಗಳಲ್ಲಿತ್ತು. ಹಾಡುಗಾರರ ಮೇಳವೊಂದನ್ನು ಕೂಡಿಸಿ, ಅವರಿಗೆ ಹಾಡುಗಳನ್ನು ಕಲಿಸಿದವನೂ ಅವನೇ. ಮೇಳದಲ್ಲಿ ಹದಿನೆಂಟರ ಪ್ರಾಯದ ಒಬ್ಬ ಕಾಲೇಜು ವಿದ್ಯಾರ್ಥಿ ಇದ್ದನು, ಒಳ್ಳೆಯ ಶಾರೀರದವನು. ಹಾಡು ಕಟ್ಟಿದವನು ರವೀಂದ್ರನಾಥ ಠಾಕೂರ. ಕಲಿತು ಹಾಡಿದ ವಿದ್ಯಾರ್ಥಿ ನರೇಂದ್ರನಾಥ ದತ್ತ, ಮುಂದೆ ಲೋಕವು ವಿವೇಕಾನಂದರೆಂದು ಕರೆದದ್ದು ಇವರನ್ನೇ. ಒಬ್ಬರು ಕವಿಯೆನಿಸಿ ಇನ್ನೊಬ್ಬರು ಸಂನ್ಯಾಸಿಯಾಗುವ ಮೊದಲು, ಒಂದು ಮದುವೆಮನೆಗಾಗಿ ಇಬ್ಬರ ಶ್ರಮವೂ ಕೂಡಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚವಾಗುತ್ತದೆ. ನರೇಂದ್ರನಾಥರು 1887ರಲ್ಲಿ ಮತ್ತೊಬ್ಬರೊಡಗೂಡಿ ‘ಸಂಗೀತ ಕಲ್ಪತರು’ ಎಂಬ ಸಂಕಲನವನ್ನು ಹೊರತಂದಾಗ ರವೀಂದ್ರರ ಗೀತೆಗಳೂ ಅದರಲ್ಲಿ ಸೇರಿದುವು. ಆ ಮದುವೆಯ ಹಾಡುಗಳಲ್ಲಿ ದೇವರ ಸ್ತುತಿ ಇಲ್ಲದಿರಲಿಲ್ಲ. ಅದು ಅವರ ಮನೆಯ ಇಷ್ಟ. ಸಪ್ತಪದಿಯ ಜಾಗದಲ್ಲಿ ಕೊರಳುಗಳು ನಿಂತವೆಂಬುದು ನನಗೆ ಮುಖ್ಯ.

ನಮ್ಮ ನಾಡಿನಲ್ಲಿ ಇಂಥ ಯತ್ನವೆಂದರೆ ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಅವರ ವಿವಾಹವು ಈ ಕ್ರಮದಿಂದ ನಡೆಯಿತು. ಪುರೋಹಿತರನ್ನೂ ಆಡಂಬರವನ್ನೂ ಕೈಬಿಟ್ಟು, ಅರ್ಥವಾಗುವ ನುಡಿಯಲ್ಲಿ ವಚನ ಕೊಡುವುದು ಅದರ ಜೀವಾಳ. ಅದನ್ನು ನಾನು ಗೌರವಿಸುತ್ತೇನೆ. ಆದರೂ ನಾನು ಕಂಡ ಅಂಥ ಎರಡು ಮೂರು ಮದುವೆಗಳಲ್ಲಿ ಓದುವವರಿದ್ದರು, ಕೇಳುವವರಿದ್ದರು, ಕೂಡಿ ಹಾಡುವವರಿರಲಿಲ್ಲ. ಮುದುಕಿಯರು ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕುಳಿತಿದ್ದರು. ಇದು ಪುಸ್ತಕದ ದೋಷವಲ್ಲ, ನಮ್ಮದು.

ಈಗ ಜಾರಿಯಲ್ಲಿರುವುದು 1954ರ ವಿಶೇಷ ವಿವಾಹ ಕಾಯಿದೆ. ಅದರ ಹನ್ನೆರಡನೆಯ ಪ್ರಕರಣವನ್ನು ನಾನು ಎರಡು ಸಲ ಓದಿದೆನು. ವಧೂವರರು ತಾವು ಆರಿಸಿಕೊಂಡ ಯಾವ ರೀತಿಯಲ್ಲಿಯಾದರೂ ಮದುವೆಯನ್ನು ನಡೆಸಿಕೊಳ್ಳಬಹುದು. ವಿವಾಹಾಧಿಕಾರಿಯೂ ಮೂವರು ಸಾಕ್ಷಿಗಳೂ ಇರುವಾಗ ಸ್ವೀಕಾರದ ಮಾತನ್ನು ತಮಗೆ ತಿಳಿಯುವ ಭಾಷೆಯಲ್ಲಿ ಹೇಳಿದರಾಯಿತು. ಹೆಚ್ಚಿನ ಶುಲ್ಕವನ್ನು ತೆತ್ತರೆ ಸಮೀಪದ ಬೇರೆ ಸ್ಥಳಕ್ಕೆ ಅಧಿಕಾರಿಯನ್ನು ಕರೆಸಿಕೊಳ್ಳುವುದಕ್ಕೂ ಅವಕಾಶವುಂಟು. ಹಾಡಬಾರದೆಂಬ ಅಕ್ಷರ ಅದರಲ್ಲಿ ಎಲ್ಲಿಯೂ ಇಲ್ಲ.

ಇದನ್ನು ಹೋಗಿ ಅಜ್ಜಿಗೆ ತಿಳಿಸಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವತ್ತು ನಾನು ನಿಲ್ಲಿಸಬಾರದಾಗಿತ್ತು” ಎಂದರು. ಬರುವ ಮಾಘದಲ್ಲಿ ಮೊಮ್ಮಗನೊಬ್ಬನ ಮದುವೆ ಇದೇ ಕಾಯಿದೆಯ ಮೇರೆಗೆ ನಡೆಯಲಿದೆ. ಅಧಿಕಾರಿಯನ್ನು ಮನೆಗೇ ಕರೆಸುವ ಯೋಚನೆಯೂ ನಡೆದಿದೆ. ಅಜ್ಜಿಗೆ ಈಗಿರುವ ಚಿಂತೆ ಸರ್ಕಾರದ್ದಲ್ಲ. ತಾನು ಎತ್ತಿದ ಸೊಲ್ಲಿಗೆ ದನಿಗೂಡಿಸುವವರು ಮನೆಯಲ್ಲಿ ಯಾರೂ ಇಲ್ಲವಂತೆ. ಸೊಸೆಯಂದಿರಿಬ್ಬರೂ ಮೊಮ್ಮಗಳೂ ಸಂಜೆಯ ಹೊತ್ತು ಎದುರಿಗೆ ಕುಳಿತು ಪದಗಳನ್ನು ಬರೆದುಕೊಳ್ಳುತ್ತಿದ್ದಾರೆ. ನಾನು ಹೋದ ದಿನ ಹನ್ನೊಂದನೆಯ ನುಡಿಯವರೆಗೆ ಬಂದಿತ್ತು. ಹನ್ನೆರಡನೆಯದು ಅಜ್ಜಿಗೆ ಆ ಹೊತ್ತು ನೆನಪಾಗಲಿಲ್ಲ.