ಗೆರೆ ಎಲ್ಲಿ ಕರಗಬೇಕು?

ಮದುವೆ ಆಲ್ಬಂ, ಜಾತ್ರೆಯ ಬ್ಯಾನರ್, ಅಗಲಿದ ಹಿರಿಯರ ಭಾವಚಿತ್ರ ಮಾಡಿಕೊಡುವ ಸ್ಟುಡಿಯೊಗಳಿಗೆ ಸ್ಮಡ್ಜ್ ಟೂಲ್ ಇಂದು ದಿನಬಳಕೆಯ ಸಾಧನ. ಪರದೆಯ ಮೇಲಿನ ಬಣ್ಣವನ್ನು ಬೆರಳಿನಿಂದ ಒರೆಸಿದಂತೆ ಎಳೆದು ಬೆರೆಸುವುದು ಅದರ ಕೆಲಸ. ಆದರೆ ಬಣ್ಣ ಬೆರೆಸುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಯಾದಗಿರಿ, ಶಹಾಪುರ, ಸುರಪುರದಲ್ಲಿ ಇದನ್ನು ಕಲಿಯುವವರಿಗೆ ಎರಡು ದೊಡ್ಡ ಪಾಠಗಳು ಹತ್ತಿರದಲ್ಲೇ ಸಿಗುತ್ತವೆ.

ಮೊದಲನೆಯದು ಗೆರೆಯ ಪಾಠ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿಕಣಿ ಚಿತ್ರಕಲೆಯಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಹೆಸರಾದವರು. ಆ ಪರಂಪರೆಯ ಚಿತ್ರಗಳಲ್ಲಿ ಕಣ್ಣು, ಮೂಗು, ಆಭರಣ ಎಲ್ಲವನ್ನೂ ಹಿಡಿದು ನಿಲ್ಲಿಸುವುದು ನವಿರಾದ ರೇಖೆ. ಎರಡನೆಯದು ಬೆರಕೆಯ ಪಾಠ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಸಿನಿಮಾ ಪ್ರಚಾರಕ್ಕೆ, ಕ್ಯಾಲೆಂಡರ್‌ಗಳಿಗೆ ಬರೆದ ಮುಖಗಳಲ್ಲಿ ಕೆನ್ನೆಯ ಬೆಳಕು ನೆರಳಿಗೆ ಜಾರುವ ಜಾಗ ಗುರುತೇ ಸಿಗದು. ಅವರು ಬಳಸುತ್ತಿದ್ದ ಗ್ವಾಶ್ ಬೇಗ ಒಣಗುವ ಬಣ್ಣ. ಒಣಗುವ ಮುನ್ನವೇ ಕೈ ನಿರ್ಧರಿಸಬೇಕಿತ್ತು. 2009ರ ಕೊನೆಯವರೆಗೂ ಯಾದಗಿರಿ ಕಲಬುರಗಿ ಜಿಲ್ಲೆಯದೇ ಭಾಗವಾಗಿತ್ತು. ಹಾಗಾಗಿ ಪಂಡಿತರು ಈ ನೆಲಕ್ಕೂ ಹಿರಿಯರೇ.

ಗಣಕದಲ್ಲಿ ಬಣ್ಣ ಬೆರೆಸುವ ಕೆಲಸ ಮನೆಮಾತಾದದ್ದು ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೊಶಾಪ್‌ನಿಂದ. 1990ರ ಮೊದಲ ಆವೃತ್ತಿಯಲ್ಲೇ ಬೆರಳಿನ ಗುರುತಿನ ಸ್ಮಡ್ಜ್ ಇತ್ತು. ಕುಂಚ ಇಟ್ಟ ಜಾಗದ ಬಣ್ಣವನ್ನು ಎತ್ತಿಕೊಂಡು, ಸಾಗುವ ದಾರಿಯ ಬಣ್ಣದೊಂದಿಗೆ ಬೆರೆಸುವುದು ಅದರ ರೀತಿ. ಬ್ಲರ್‌ ಹೀಗಲ್ಲ, ಅದಕ್ಕೆ ದಿಕ್ಕಿಲ್ಲ. 1994ರ ಮೂರನೇ ಆವೃತ್ತಿ ಲೇಯರ್‌ಗಳನ್ನು ತಂದಿತು. ಮೂಲ ಫೋಟೊ ಮುಟ್ಟದೆ, ಮೇಲಿನ ಖಾಲಿ ಲೇಯರ್‌ನಲ್ಲಿ ಬೆರೆಸುವ ಇಂದಿನ ಪದ್ಧತಿಗೆ ಅದೇ ಆಧಾರ. 1996ರಲ್ಲಿ ಹೊರಬಂದ ಉಚಿತ ತಂತ್ರಾಂಶ ಗಿಂಪ್ ಇಂಥ ಸಾಧನಗಳನ್ನು ದುಡ್ಡಿಲ್ಲದವರಿಗೂ ತಲುಪಿಸಿತು. 2010ರಲ್ಲಿ ಫೋಟೊಶಾಪ್‌ಗೆ ಬಂದ ಮಿಕ್ಸರ್ ಬ್ರಷ್ ಕುಂಚದ ಬಣ್ಣ, ಹಾಳೆಯ ಬಣ್ಣ ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಿಡಿಯಿತು. 2018ರಲ್ಲಿ ಸ್ಕೆಚ್‌ಬುಕ್ ಆ್ಯಪ್ ಪೂರ್ತಿ ಉಚಿತವಾದ ಮೇಲೆ ಮೊಬೈಲಿನಲ್ಲೇ ಮುಖ ತಿದ್ದುವ ‘ಸ್ಮಡ್ಜ್ ಪೇಂಟಿಂಗ್’ ಹುಡುಗರಲ್ಲಿ ಇನ್ನಷ್ಟು ಹಬ್ಬಿತು.

ಸಾಧನ ಸುಲಭವಾದಷ್ಟೂ ವಿವೇಚನೆಯ ಹೊಣೆ ಹೆಚ್ಚಿತು. ಸ್ಮಡ್ಜ್‌ನ ಸ್ಟ್ರೆಂತ್ ಕಡಿಮೆ ಇಟ್ಟು, ಕೆನ್ನೆಯ ಉಬ್ಬಿನ ಜಾಡಿನಲ್ಲೇ ಕುಂಚ ಎಳೆಯಬೇಕು. ಕೂದಲಿಗೆ ಸಣ್ಣ ಕುಂಚ, ಬುಡದಿಂದ ತುದಿಗೆ. ಉಜ್ಜಿದ ಕಡೆ ಫೋಟೊದ ಸಹಜ ಕಾಳು (ಗ್ರೇನ್) ಅಳಿಯುವುದರಿಂದ ಕೊನೆಗೆ ತುಸು ನಾಯ್ಸ್ ಸೇರಿಸಬೇಕು. ಅಭ್ಯಾಸಕ್ಕೆ ಶಹಾಪುರದ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಫೋಟೊ ಸಾಕು: ಮೋಡ ಬೆರೆಸಬಹುದು, ಬಂಡೆಯ ಅಂಚು ಕದಲಬಾರದು. ಅಂಚು ಕರಗಿದರೆ ಬುದ್ಧನ ಮುಖವೇ ಇರದು.

ಮನುಷ್ಯರ ಮುಖಕ್ಕೂ ಈ ನಿಯಮವೇ. ಬಿಸಿಲಲ್ಲಿ ದುಡಿದ ಕಪ್ಪು ಮೈಬಣ್ಣವನ್ನು ಬಿಳುಪಾಗಿಸಿ, ಅಜ್ಜಿಯ ಸುಕ್ಕುಗಳನ್ನೆಲ್ಲ ಒರೆಸಿಬಿಟ್ಟರೆ ಉಳಿಯುವುದು ಯಾರದೋ ಮುಖ. ಆದ್ದರಿಂದ ಇಲ್ಲಿ ಫೋಟೊಶಾಪ್ ಕಲಿಸುವವರು ಸುರಪುರದ ಒಂದು ಚಿತ್ರವನ್ನೂ ಪಂಡಿತರ ಒಂದು ಚಿತ್ರವನ್ನೂ ಮಕ್ಕಳ ಮುಂದಿಡಲಿ. ಗೆರೆಯನ್ನು ಎಲ್ಲಿ ಉಳಿಸಬೇಕು, ಎಲ್ಲಿ ಕರಗಿಸಬೇಕು ಎಂಬುದನ್ನು ಯಾವ ಮೆನುವೂ ಕಲಿಸದು. ಆ ಎರಡು ಚಿತ್ರಗಳು ಕಲಿಸುತ್ತವೆ.